ಒಲೆಯ ಮೂರು ಕುಳಿ, ಕೈಗಾದ ಹಬೆ

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಅಸ್ತ್ರ ಒಲೆ ಇತ್ತು. ಸೌದೆ ಒಟ್ಟುವ ಬಾಯಿ ಒಂದೇ, ಪಾತ್ರೆ ಇಡುವ ಕುಳಿ ಮೂರು. ನೇರ ಉರಿ ತಾಗುವಲ್ಲಿ ಅನ್ನ, ಅದನ್ನು ದಾಟಿ ಬಂದ ಬಿಸಿಹೊಗೆಗೆ ಹುಳಿ, ಕೊನೆಯ ಕುಳಿಯಲ್ಲಿ ನೀರಿನ ಚೆರಿಗೆ. ಆಮೇಲಷ್ಟೇ ಹೊಗೆ ಕೊಳವೆ ಹತ್ತಿ ಹೊರಬೀಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ರೂಪಿಸಿದ ಒಲೆ ಅದು. ಇವತ್ತಿನ ಅತ್ಯುತ್ತಮ ವಿದ್ಯುತ್ ಸ್ಥಾವರಗಳೂ ಇದೇ ದಾರಿ ಹಿಡಿದಿವೆ.

ಮೊದಲು ನಮ್ಮ ಜಿಲ್ಲೆಯ ಸ್ಥಾವರ ನೋಡೋಣ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಒಂದೊಂದು ರಿಯಾಕ್ಟರ್ ಹುಟ್ಟಿಸುವ ಶಾಖ ಸುಮಾರು 750 ಮೆಗಾವ್ಯಾಟ್. ಅದರಲ್ಲಿ ವಿದ್ಯುತ್ತಾಗುವುದು 220. ಉಳಿದ 530? ಟರ್ಬೈನ್ ತಿರುಗಿಸಿ ಬಂದ ಹಬೆಯನ್ನು ಮತ್ತೆ ನೀರು ಮಾಡುವಾಗ ಅದರ ಬಹುಪಾಲು ಕದ್ರಾ ಜಲಾಶಯದ ನೀರಿಗೆ ಸೇರುತ್ತದೆ. ಇದರಲ್ಲಿ ಕೈಗಾದವರ ತಪ್ಪಿಲ್ಲ. ಅಲ್ಲಿನ ಮೊದಲ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಎಡೆಬಿಡದೆ ಓಡಿದೆ.

ಕೈ ಕಟ್ಟಿಹಾಕುವುದು ತಾಪ. ಶಾಖದಿಂದ ಎಷ್ಟು ಕೆಲಸ ತೆಗೆಯಬಹುದು ಎಂಬುದು ಅದು ಎಷ್ಟು ಎತ್ತರದ ತಾಪದಿಂದ ಎಷ್ಟು ಕೆಳಗಿಳಿಯುತ್ತದೆ ಎಂಬುದರ ಮೇಲಿದೆ ಎಂದು ಫ್ರಾನ್ಸಿನ ಸಾದಿ ಕಾರ್ನೊ 1824ರಲ್ಲೇ ತೋರಿಸಿದ್ದ. ಕೈಗಾದ ಹಬೆ ಸುಮಾರು 250 ಡಿಗ್ರಿ ಸೆಲ್ಸಿಯಸ್, ತಣಿಸುವ ನೀರು 30ರ ಆಸುಪಾಸು. ಕೆಲ್ವಿನ್‌ನಲ್ಲಿ, ಅಂದರೆ 273 ಕೂಡಿಸಿದರೆ, 523 ಮತ್ತು 303. ಇವೆರಡರ ಅಂತರವನ್ನು 523ರಿಂದ ಭಾಗಿಸಿದರೆ ಪರಮಾವಧಿಯೇ ಶೇ. 42. ಘರ್ಷಣೆ, ಸೋರಿಕೆ, ಪಂಪುಗಳ ಖರ್ಚು ಕಳೆದರೆ ಕೈಗೆ ಬರುವುದು ಶೇ. 30ರ ಹತ್ತಿರ.

ನೈಸರ್ಗಿಕ ಅನಿಲ ಉರಿಸುವ ಗ್ಯಾಸ್ ಟರ್ಬೈನಿನಲ್ಲಿ ತಾಪ 1500 ಡಿಗ್ರಿ ಮುಟ್ಟುತ್ತದೆ. ಆದರೆ ಹೊರಬರುವ ಹೊಗೆಯೂ 600 ಡಿಗ್ರಿ, ಕೈಗಾದ ಹಬೆಗಿಂತ ಎಷ್ಟೋ ಬಿಸಿ! ಅದನ್ನು ಹಾಗೇ ಆಕಾಶಕ್ಕೆ ಬಿಡುವುದು ಅಂದರೆ ಅನ್ನ ಬೆಂದ ಕೂಡಲೆ ಉರಿಯುವ ಕೊಳ್ಳಿಯನ್ನು ಅಂಗಳಕ್ಕೆ ಎಸೆದಂತೆ. ಹಾಗಾಗಿ ಆ ಹೊಗೆಯನ್ನು ಬಾಯ್ಲರಿಗೆ ಹಾಯಿಸಿ, ಹಬೆ ಮಾಡಿ, ಎರಡನೇ ಟರ್ಬೈನ್ ತಿರುಗಿಸುತ್ತಾರೆ. ಮೊದಲನೆಯದು ನೂರರಲ್ಲಿ 40 ತೆಗೆದುಕೊಂಡರೆ, ಉಳಿದ 60ರಲ್ಲಿ ಮೂರನೇ ಒಂದು ಪಾಲು ಎರಡನೆಯದಕ್ಕೆ. ಒಟ್ಟು 60. ಫ್ರಾನ್ಸಿನ ಬುಶೆಂ ಸ್ಥಾವರ 2016ರಲ್ಲಿ ಶೇ. 62.22 ಸಾಧಿಸಿತು.

ಇದಕ್ಕೂ ಮೇಲೆ ಇನ್ನೊಂದು ಕುಳಿ ಇಡಬಹುದು: ಇಂಧನ ಕೋಶ. ಇದರಲ್ಲಿ ಇಂಧನ ಉರಿಯುವುದೇ ಇಲ್ಲ. ಸೆರಾಮಿಕ್‌ನ ತೆಳು ಹಾಳೆಯೊಂದರ ಮೂಲಕ ಆಕ್ಸಿಜನ್ ಅಯಾನುಗಳು ಇಂಧನದ ಕಡೆಗೆ ಹಾಯುತ್ತವೆ, ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಸುತ್ತಿ ಬರುತ್ತವೆ. ಆ ಸುತ್ತೇ ವಿದ್ಯುತ್. ಶಾಖದ ಮಧ್ಯಸ್ಥಿಕೆ ಇಲ್ಲದ್ದರಿಂದ ಕಾರ್ನೊ ಮಿತಿ ಇದಕ್ಕೆ ತಾಗದು. ನನಗೆ ಬಹಳ ಇಷ್ಟವಾಗುವ ಸಂಗತಿ ಎಂದರೆ, ಆ ಹಾಳೆ ಜಿರ್ಕೋನಿಯಂ ಆಕ್ಸೈಡಿನದು. ಕೈಗಾದಲ್ಲಿ ಯುರೇನಿಯಂ ಬಿಲ್ಲೆಗಳನ್ನು ತುಂಬಿಡುವ ಕೊಳವೆಗಳೂ ಜಿರ್ಕೋನಿಯಂ ಮಿಶ್ರಲೋಹದವೇ.

ಈ ಕೋಶ ಕೆಲಸ ಮಾಡುವುದು 700ರಿಂದ 1000 ಡಿಗ್ರಿಯಲ್ಲಿ. ಅದರ ಬಿಸಿ ಅನಿಲವನ್ನು ಗ್ಯಾಸ್ ಟರ್ಬೈನಿಗೆ ಉಣಿಸಿದರೆ ಶೇ. 70 ದೂರವಿಲ್ಲ ಎಂಬುದು ಎಂಜಿನಿಯರುಗಳ ಅಂದಾಜು. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ 2000ದ ಸುಮಾರಿಗೆ ಇಂಥ ಜೋಡಿ ಓಡಿತು. ಅದು ಬರೀ 220 ಕಿಲೋವ್ಯಾಟ್, ಅಂದರೆ ಕೈಗಾ ಘಟಕದ ಸಾವಿರದಲ್ಲೊಂದು ಪಾಲು. ಆದರೂ ದಕ್ಷತೆ ಶೇ. 53 ಮುಟ್ಟಿತು.

ಹಾಗಿದ್ದರೂ ಇದು ಊರೂರಿಗೆ ಬಂದಿಲ್ಲ. ಕಾದು ತಣಿದು ಸೆರಾಮಿಕ್ ಬಿರುಕು ಬಿಡುತ್ತದೆ. ಇಂಧನದಲ್ಲಿ ಚೂರು ಗಂಧಕವಿದ್ದರೂ ಕೋಶದೊಳಗಿನ ನಿಕ್ಕಲ್ ಕೆಡುತ್ತದೆ. ನಮ್ಮ ಕೊಟ್ಟಿಗೆಯ ಪಕ್ಕದ ಗೋಬರ್ ಗ್ಯಾಸಿನಲ್ಲಿ ಇದಕ್ಕೆ ಬೇಕಾದ ಮೀಥೇನ್ ಧಾರಾಳವಾಗಿದೆ. ಜೊತೆಗೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡೂ ಇದೆ. ಅದನ್ನು ಕಬ್ಬಿಣದ ತುಕ್ಕಿನ ಮೂಲಕ ಹಾಯಿಸಿದರೆ ಗಂಧಕದ ಬಹುಪಾಲು ಅಲ್ಲೇ ಉಳಿಯುತ್ತದೆ. ಬಾಕಿ ಚೂರನ್ನೂ ಅಗ್ಗವಾಗಿ ಸೋಸುವ ದಾರಿ ಬೇಕು.