ಮೇವಿನ ಮೆಕ್ಕೆಜೋಳದ ಗುಣಮಟ್ಟ: ಎತ್ತರ ನೋಡಿ ಮಾರ್ಕು ಕೊಡ್ಬೇಡಿ

ಪಶು ಆಹಾರದ ಪೇಪರಿಗೆ ಓದ್ತಾ ಇರುವವರಿಗೆ ಇದು. ಈ ಚಾಪ್ಟರನ್ನು ಬಾಯಿಪಾಠ ಮಾಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ, ಎಲೆಯಲ್ಲಿ ತಯಾರಾದ ಸಕ್ಕರೆ ಕೊನೆಗೆ ಎಲ್ಲಿಗೆ ಹೋಗ್ತದೆ ಅಂತ ಹಿಡಿದ್ರೆ ಸಾಕು. ತೆನೆಗೆ ಹೋದ್ರೆ ಪಿಷ್ಟ, ಕಾಂಡದ ಜೀವಕೋಶದ ಗೋಡೆಗೆ ಹೋದ್ರೆ ನಾರು. ಆ ನಾರಿನಲ್ಲಿ ಲಿಗ್ನಿನ್, ಅಂದ್ರೆ ಗೋಡೆಯನ್ನು ಗಟ್ಟಿ ಮಾಡುವ ವಸ್ತು, ಜಾಸ್ತಿ ಆದಷ್ಟು ದನಕ್ಕೆ ಜೀರ್ಣ ಆಗುದು ಕಮ್ಮಿ.

ಈಗ ನಮ್ಮ ಉಡುಪಿ ಕಡೆ ಮಳೆಗಾಲ ತಗೊಳ್ಳಿ. ದಿನಗಟ್ಟಲೆ ಮೋಡ, ಜೋಳಕ್ಕೆ ಬೇಕಾದದ್ದು ಬಿಸಿಲು, ಸಕ್ಕರೆ ಸಾಲದೆ ತೆನೆ ಬಡಕಲಾಗ್ತದೆ. ಮೇಲಿಂದ ನೀರು ನಿಂತ್ರೆ ಬೇರಿಗೆ ಗಾಳಿ ಇಲ್ಲ, ಗೊಬ್ಬರದ ಸಾರಜನಕವೂ ತೊಳೆದು ಹೋಗ್ತದೆ, ಆಗ ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ಹಳದಿ ಆಗ್ತಾ ಬರ್ತದೆ, ಅದನ್ನು ಕಂಡ್ರೆ ಪ್ರೋಟೀನೂ ಕಮ್ಮಿ ಅಂತ ತಿಳ್ಕೊಳ್ಳಿ. ಹಾಗಾಗಿ ಮಳೆಗಾಲಕ್ಕೆ ನೀರು ನಿಲ್ಲುವ ತಗ್ಗಿನ ಬೈಲುಗದ್ದೆ ಬೇಡ, ಎತ್ತರದ ಬೆಟ್ಟುಗದ್ದೆಯೇ ಸೈ.

ಭತ್ತ ಕೊಯ್ದ ಮೇಲೆ ಹಾಕಿದ್ರೆ ಬಿಸಿಲೇನೋ ಧಾರಾಳ ಉಂಟು. ಆದ್ರೆ ಮಾರ್ಚ್-ಏಪ್ರಿಲ್ ಸೆಕೆಗೆ ಸಿಕ್ಕಿದ್ರೆ ಲಿಗ್ನಿನ್ ಬೇಗ ಕೂರ್ತದೆ, ರಾತ್ರಿಯೂ ತಂಪಾಗದಿದ್ರೆ ಹಗಲು ಮಾಡಿದ ಸಕ್ಕರೆಯ ಒಂದು ಪಾಲು ಉಸಿರಾಟಕ್ಕೇ ಖರ್ಚು.

ನೀರಿನ ಕೊರತೆ ಪ್ರಶ್ನೆ ಬಂದ್ರೆ ಯಾವ ಹಂತದಲ್ಲಿ ಅಂತ ಬರೀದೆ ಬಿಡ್ಬೇಡಿ, ಅಲ್ಲೇ ಎಲ್ಲ ಇರುದು. ಗಿಡ ಸಣ್ಣದಿರುವಾಗ ಸ್ವಲ್ಪ ಒಣಗಿದ್ರೆ ಎತ್ತರ ಕಮ್ಮಿ ಆಗ್ತದೆ, ಇಳುವರಿಯೂ ಇಳೀತದೆ, ಆದ್ರೆ ನಾರಿನ ಜೀರ್ಣತೆ ಕೆಲವೊಮ್ಮೆ ಒಳ್ಳೆದೇ ಇರ್ತದೆ. ಜೋಳದ ಕೂದಲು ಹೊರಗೆ ಬರುವ ಹೊತ್ತಿಗೆ ಒಣಗಿದ್ರೆ ಕಾಳೇ ಕಟ್ಟುದಿಲ್ಲ, ಪಿಷ್ಟ ಹೋಯ್ತು, ಸಕ್ಕರೆ ಸ್ವಲ್ಪ ಕಾಂಡದಲ್ಲೇ ಉಳೀತದೆ. ಅಂಥ ಗಿಡದಲ್ಲಿ ನೈಟ್ರೇಟ್ (ಜಾಸ್ತಿ ಆದ್ರೆ ದನಕ್ಕೆ ವಿಷ) ಸೇರಿರ್ತದೆ, ಯೂರಿಯಾ ಜೋರು ಹಾಕಿದ್ರಂತೂ ಇನ್ನೂ ಜಾಸ್ತಿ, ಅದೂ ಕಾಂಡದ ಬುಡದಲ್ಲಿ. ಒಣಗಿದ ಮೇಲೆ ಮಳೆ ಬಂತು ಅಂತ ಮರುದಿನವೇ ಕೊಯ್ದು ಹಟ್ಟಿಗೆ ಹಾಕ್ಬೇಡಿ, ಆಗಲೇ ಅಪಾಯ ಹೆಚ್ಚು. ಕೆಲವು ದಿನ ಬಿಟ್ಟು, ಬುಡದಿಂದ ಒಂದು ಗೇಣು ಮೇಲೆ ಕೊಯ್ಯುದು ಒಳ್ಳೆದು. ರಸಮೇವು (ಸೈಲೇಜ್, ಅಂದ್ರೆ ಗಾಳಿ ಆಡದ ಹಾಗೆ ಒತ್ತಿ ಹುಳಿ ಬರಿಸಿದ ಹಸಿಮೇವು) ಮಾಡಿದ್ರೂ ನೈಟ್ರೇಟ್ ಎಷ್ಟೋ ಇಳೀತದೆ.

ರಸಮೇವಿಗೆ ಕೊಯ್ಯುದು ಗಿಡದಲ್ಲಿ ಒಣ ಅಂಶ (ನೀರು ಬಿಟ್ಟು ಉಳಿದದ್ದು) ಶೇ. 30-35 ಇರುವಾಗ. ತೆನೆ ಅರ್ಧಕ್ಕೆ ಮುರಿದು ಕಾಳು ನೋಡಿ, ಹೊರತುದಿ ಗಟ್ಟಿ ಹಳದಿ, ಒಳಗೆ ದಿಂಡಿನ ಕಡೆ ಇನ್ನೂ ಹಾಲು, ಎರಡರ ನಡುವಿನ ಗೆರೆ ಕಾಳಿನ ನಡುವಿಗೆ ಇಳಿದಿದ್ರೆ ಸರಿ. ಆಫ್ರಿಕನ್ ಟಾಲ್ ತಳಿ ಬೇರೆ ಲೆಕ್ಕ, ಅದನ್ನು ಹೆಚ್ಚಾಗಿ ಹಸಿಮೇವಿಗೇ ಬೆಳೆಸುದು, ಕಾಳಿನ ಹೈಬ್ರಿಡ್‌ನಷ್ಟು ಪಿಷ್ಟ ಅದರಲ್ಲಿ ಹುಡುಕ್ಬೇಡಿ.