ಗುಲಾಬಿ ಹಾಳೆ, ನೀಲಿ ಹಾಳೆ: ಕೆರಿಯರ್ ಸಲಹೆಯಲ್ಲಿ ಹುಡುಗ-ಹುಡುಗಿ ಭೇದ ಬೇರೂರಿದ್ದು ಹೀಗೆ

ಗಣಿತದಲ್ಲಿ ಇಬ್ಬರಿಗೂ ಒಂದೇ ಅಂಕ. ಹುಡುಗನಿಗೆ ‘ಎಂಜಿನಿಯರಿಂಗ್ ಮಾಡು’ ಅನ್ನುತ್ತಾರೆ. ಹುಡುಗಿಗೆ ‘ಟೀಚರ್ ಆಗು, ಮನೆ ಕಡೆನೂ ನೋಡ್ಕೋಬಹುದು’ ಅನ್ನುತ್ತಾರೆ. ಹೇಳುವವರ ಮನಸ್ಸು ಕೆಟ್ಟದ್ದೇನಲ್ಲ. ಆದರೆ ಈ ಮಾತು ಬರೀ ಹಿರಿಯರ ಬಾಯಿಂದ ಬಂದದ್ದಲ್ಲ. ಕೆರಿಯರ್ ಪರೀಕ್ಷೆಗಳೇ ದಶಕಗಟ್ಟಲೆ ಇದನ್ನು ಅಚ್ಚು ಹಾಕಿಸಿ ಹಂಚಿದ್ದವು.

1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಅಮೆರಿಕದ ಬಾಸ್ಟನ್‌ನಲ್ಲಿ ಯುವಜನರಿಗಾಗಿ ವೃತ್ತಿ ಸಲಹಾ ಕೇಂದ್ರ ಶುರು ಮಾಡಿದರು. ನಿನ್ನನ್ನು ನೀನು ತಿಳಿದುಕೋ, ಕೆಲಸಗಳನ್ನು ತಿಳಿದುಕೋ, ಎರಡನ್ನೂ ಹೊಂದಿಸಿ ನೋಡು. ಅವರ ಈ ಯೋಚನೆಯಲ್ಲಿ ತಪ್ಪೇನೂ ಇರಲಿಲ್ಲ. ಎಡವಿದ್ದು ಅಳೆಯುವಾಗ.

1927ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಸ್ಟ್ರಾಂಗ್ ಆಸಕ್ತಿ ಅಳೆಯುವ ಪ್ರಶ್ನಾವಳಿ ತಂದರು. ಇದು ಇಷ್ಟವಾ, ಅದು ಇಷ್ಟವಾ ಎಂದು ಉದ್ದಕ್ಕೂ ಕೇಳಿ, ಬಂದ ಉತ್ತರಗಳನ್ನು ಆಗಲೇ ಆ ಕೆಲಸದಲ್ಲಿ ಇರುವವರ ಉತ್ತರಗಳ ಜೊತೆ ತಾಳೆ ನೋಡುವುದು ಅದರ ಕ್ರಮ. ಮೊದಲು ಬಂದದ್ದು ಗಂಡಸರದ್ದು. 1933ರಲ್ಲಿ ಹೆಂಗಸರಿಗೆ ಬೇರೆಯದೇ ಬಂತು, ಅದರ ವೃತ್ತಿಗಳ ಪಟ್ಟಿಯಲ್ಲಿ ‘ಗೃಹಿಣಿ’ಯೂ ಇತ್ತು. ಮುಂದೆ ಗಂಡಸರಿಗೆ ನೀಲಿ ಹಾಳೆ, ಹೆಂಗಸರಿಗೆ ಗುಲಾಬಿ ಹಾಳೆ ಅಂತಲೇ ಆಯಿತು.

ಒಂದು ಕೆಲಸದಲ್ಲಿ ಹೆಂಗಸರೇ ಇಲ್ಲದಿದ್ದರೆ ಹುಡುಗಿಯ ಉತ್ತರವನ್ನು ಯಾರ ಜೊತೆ ತಾಳೆ ನೋಡುವುದು? ಹಾಗಾಗಿ ಗುಲಾಬಿ ಹಾಳೆಯಲ್ಲಿ ಆ ಕೆಲಸಕ್ಕೆ ಜಾಗವೇ ಇರಲಿಲ್ಲ. ನಿನ್ನೆ ಬಾಗಿಲು ಮುಚ್ಚಿತ್ತು ಎಂಬ ಒಂದೇ ಕಾರಣಕ್ಕೆ ನಾಳೆಯೂ ಮುಚ್ಚಿತು. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಲಹೆಗಾರರೇ ಇದನ್ನು ಪ್ರಶ್ನಿಸಿದರು. ಅವರು ಕೊಟ್ಟ ಉದಾಹರಣೆ ಓದಿದರೆ ಸಿಟ್ಟು ಬರುತ್ತದೆ. ಒಬ್ಬಳೇ ಮಹಿಳೆ ಎರಡೂ ಹಾಳೆ ತುಂಬಿದಾಗ ಹೆಂಗಸರ ಹಾಳೆ ಅವಳಿಗೆ ದಂತವೈದ್ಯರ ಸಹಾಯಕಿಯ ಕೆಲಸ ಹೊಂದುತ್ತದೆ ಎಂದಿತು. ಗಂಡಸರ ಹಾಳೆ ವೈದ್ಯೆ ಆಗಬಹುದು ಎಂದಿತು. ಆಸಕ್ತಿ ಅದೇ, ಮನಸ್ಸೂ ಅದೇ!

ಶಿಕ್ಷಣದಲ್ಲಿ ಲಿಂಗಭೇದ ತಡೆಯುವ ‘ಟೈಟಲ್ 9’ ಕಾನೂನು ಅಮೆರಿಕದಲ್ಲಿ 1972ರಲ್ಲಿ ಬಂತು. 1974ರಲ್ಲಿ ಎರಡೂ ಹಾಳೆ ಸೇರಿ ಒಂದಾದವು.

ಹಾಳೆ ಒಂದಾದರೂ ಭೇದ ಪೂರ್ತಿ ಹೋಗಲಿಲ್ಲ. ‘ಎಂಜಿನ್ ರಿಪೇರಿ ಇಷ್ಟವಾ?’ ಎಂದು ಕೇಳಿದರೆ, ಸ್ಪ್ಯಾನರ್ ಮುಟ್ಟಲು ಯಾರೂ ಬಿಡದ ಹುಡುಗಿ ‘ಇಲ್ಲ’ ಅಂತಲೇ ಗುರುತು ಹಾಕುತ್ತಾಳೆ, ಅಲ್ವಾ? ಮಗು ನೋಡಿಕೊಳ್ಳುವ ಪ್ರಶ್ನೆಗೆ ಹುಡುಗನದ್ದೂ ಇದೇ ಕಥೆ. ನರ್ಸಿಂಗ್ ಅವನ ಕೈತಪ್ಪುವುದು ಹೀಗೆ. 1981ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಗಾಟ್‌ಫ್ರೆಡ್‌ಸನ್ ಇನ್ನೊಂದು ಮಾತು ಮುಂದಿಟ್ಟರು. ಆರರಿಂದ ಎಂಟು ವರ್ಷದ ಒಳಗೇ ಮಕ್ಕಳು ‘ಇದು ಹುಡುಗರ ಕೆಲಸ, ಇದು ಹುಡುಗಿಯರದ್ದು’ ಎಂದು ಕೆಲಸಗಳನ್ನು ಹೊಡೆದುಹಾಕಲು ಶುರು ಮಾಡುತ್ತಾರೆ. ಅದನ್ನು ಮತ್ತೆ ತಿರುಗಿ ನೋಡುವುದು ಅಪರೂಪ.

ಅಂದರೆ ಹದಿನೈದರ ಹುಡುಗಿ ಸಲಹೆಗಾರರ ಮುಂದೆ ಕೂರುವಾಗ ಅವಳ ಪಟ್ಟಿ ಆಗಲೇ ಸಣ್ಣದಾಗಿರುತ್ತದೆ. ಸುಮ್ನೆ ‘ನಿನಗೇನು ಇಷ್ಟ?’ ಎಂದು ಕೇಳಿದರೆ ಉಳಿದದ್ದನ್ನಷ್ಟೇ ಹೇಳುತ್ತಾಳೆ. ‘ಯಾವುದನ್ನು ಬೇಡ ಅಂದೆ? ಒಮ್ಮೆಯಾದರೂ ಮಾಡಿ ನೋಡಿದ್ದೀಯಾ?’ ಇದನ್ನೂ ಕೇಳಬೇಕು. ನೋಡಿಲ್ಲ ಎಂದರೆ ಮೊದಲು ವರ್ಕ್‌ಶಾಪೋ ಲ್ಯಾಬೋ ತೋರಿಸಿ, ಕೈಯಾರೆ ಮಾಡಲು ಬಿಟ್ಟು, ಆಮೇಲೆ ಪ್ರಶ್ನಾವಳಿ ಕೊಡಲಿ.