ಜಿಎಫ್‌ಎಂಎಲ್: ಬಿಸಿನೆಸ್ ಕ್ಲಾಸಿನಲ್ಲಿ ಗೋಧಿ ತಪ್ಪಿಸಿ ಊಟ ಮಾಡುವುದು

ವಿಮಾನದ ಟಿಕೆಟ್ ಮಾಡಿಸುವಾಗ ‘ವಿಶೇಷ ಊಟ’ ಅಂತ ಒಂದು ಉದ್ದನೆಯ ಪಟ್ಟಿ ಬರುತ್ತದೆ. ಜಿಎಫ್‌ಎಂಎಲ್ ಅದರಲ್ಲಿ ಒಂದು. ಗ್ಲುಟೆನ್ ಇಲ್ಲದ ಊಟ ಬೇಕು ಎಂದು ತಿಳಿಸುವ ನಾಲ್ಕಕ್ಷರದ ಸಂಕೇತ. ಭಾರತೀಯ ಸಸ್ಯಾಹಾರಕ್ಕೆ ಎವಿಎಂಎಲ್, ಜೈನರ ಊಟಕ್ಕೆ ವಿಜೆಎಂಎಲ್, ಸಕ್ಕರೆ ಕಾಯಿಲೆ ಇರುವವರಿಗೆ ಡಿಬಿಎಂಎಲ್ ಇದೆಯಲ್ಲ, ಅದೇ ಸಾಲಿನದು. ಟಿಕೆಟ್ ಬೆಂಗಳೂರಿನಲ್ಲಿ ಮಾಡಿಸಿ, ಬರ್ಲಿನ್‌ನಲ್ಲಿ ಮಾಡಿಸಿ, ವಿಮಾನ ಕಂಪನಿಗಳ ಕಂಪ್ಯೂಟರುಗಳಿಗೆ ಅರ್ಥವಾಗುವುದು ಇದೇ ಸಂಕೇತ.

ಇದನ್ನು ಹೋಟೆಲಿನಲ್ಲಿ ಕೊಡುವ ಆರ್ಡರ್ ಅಂದುಕೊಳ್ಳಬೇಡಿ. ಇದು ಬರೀ ಕೋರಿಕೆ. ನಿಮ್ಮ ಪಿಎನ್‌ಆರ್‌ನಲ್ಲಿ ಅದು ಒಂದು ಸಾಲಾಗಿ ಕೂರುತ್ತದೆ. ಟ್ರಾವೆಲ್ ಏಜೆಂಟರು ಇಂಥ ಸಾಲಿಗೆ ಎಸ್‌ಎಸ್‌ಆರ್, ಅಂದರೆ ವಿಶೇಷ ಸೇವೆಯ ಕೋರಿಕೆ ಎನ್ನುತ್ತಾರೆ. ಅದರ ಪಕ್ಕದಲ್ಲಿ ಎರಡಕ್ಷರದ ಇನ್ನೊಂದು ಗುರುತು ಇರುತ್ತದೆ. ಎನ್‌ಎನ್ ಅಂದರೆ ಕೇಳಿದ್ದೇವೆ, ಉತ್ತರ ಬಂದಿಲ್ಲ. ಎಚ್‌ಕೆ ಅಂದರೆ ಒಪ್ಪಿದ್ದಾರೆ. ಯುಎನ್ ಅಂದರೆ ಆಗುವುದಿಲ್ಲ ಎಂದಿದ್ದಾರೆ. ಏಜೆಂಟ್ ‘ಊಟ ಹಾಕಿದ್ದೀನಿ ಸಾರ್’ ಎಂದರೆ ಅಷ್ಟಕ್ಕೇ ಸುಮ್ಮನಾಗದೆ ‘ಎಚ್‌ಕೆ ಬಂದಿದೆಯಾ?’ ಅಂತ ಕೇಳಿ. ಹೆಚ್ಚಿನ ಕಂಪನಿಗಳು ವಿಮಾನ ಹೊರಡುವ 24 ಗಂಟೆ ಮೊದಲೇ ಹೇಳಿರಬೇಕು ಎನ್ನುತ್ತವೆ. ಕೆಲವಕ್ಕೆ 48 ಗಂಟೆ ಬೇಕು.

ಈಗ ಗ್ಲುಟೆನ್ ವಿಷಯ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಪ್ರೊಟೀನ್ ಅದು. ಚಪಾತಿ ಹಿಟ್ಟು ಎಳೆದರೆ ಹರಿಯದೆ ಹಿಗ್ಗುವುದು ಅದರಿಂದಲೇ. ಹೆಚ್ಚಿನವರಿಗೆ ಅದರಿಂದ ಏನೂ ತೊಂದರೆ ಇಲ್ಲ. ಸಿಲಿಯಾಕ್ ಕಾಯಿಲೆ ಇರುವವರ ಕಥೆ ಬೇರೆ. ಗ್ಲುಟೆನ್ ಹೊಟ್ಟೆಗೆ ಹೋದರೆ ಅವರ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರದ ಮೇಲೆ ಬೀಳುತ್ತದೆ. ತಿಂದ ಅನ್ನದ ಸತ್ವ ಹೀರಿಕೊಳ್ಳುವ ಶಕ್ತಿ ಕರುಳಿಗೆ ಕಡಿಮೆಯಾಗುತ್ತದೆ. ಇದಕ್ಕೆ ಔಷಧಿ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ದಾರಿ.

ಗೋಧಿಗೂ ಈ ಕಾಯಿಲೆಗೂ ಇರುವ ನಂಟು ಗಟ್ಟಿಯಾಗಿ ಗೊತ್ತಾಗಿದ್ದು ಡಚ್ ಮಕ್ಕಳ ವೈದ್ಯ ವಿಲೆಮ್ ಡಿಕೆ ಅವರಿಂದ. ಅವರಿಗೆ ಎರಡನೇ ಮಹಾಯುದ್ಧಕ್ಕೆ ಮೊದಲೇ ಗೋಧಿಯ ಮೇಲೆ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬರ ಬಂದು ಬ್ರೆಡ್ ಸಿಗದಂತಾದಾಗ ಆ ಅನುಮಾನ ಬಲವಾಯಿತು. 1950ರಲ್ಲಿ ಅವರ ಪ್ರಬಂಧ ಹೊರಬಂತು. ಅದೇ ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ಅಕ್ಕಿಗೆ ಅಭಾವ ಬಂದು ಎಂಟಿಆರ್‌ನವರು ಇಡ್ಲಿಗೆ ರವೆ ಹಾಕಿದರು ಎನ್ನುತ್ತಾರೆ. ಅಲ್ಲಿ ಗೋಧಿ ತಟ್ಟೆಯಿಂದ ಹೊರಗೆ ಹೋದರೆ, ಇಲ್ಲಿ ಗೋಧಿ ಇಡ್ಲಿಯೊಳಗೆ ಬಂತು! ಸುಮ್ನೆ ನೆನಪಾಯಿತು, ಹೇಳಿದೆ. ಆದರೆ ಸಿಲಿಯಾಕ್ ಇರುವವರು ಈ ರವೆ ಇಡ್ಲಿಯನ್ನು ಮರೆಯಬಾರದು. ವಿಮಾನದ ತಿಂಡಿ ಟ್ರೇಯಲ್ಲಿ ಅದೂ ಅಕ್ಕಿ ಇಡ್ಲಿಯ ಹಾಗೇ ಬೆಳ್ಳಗೆ ಕೂತಿರುತ್ತದೆ.

ಗ್ಲುಟೆನ್ ಬಿಡುವವರೆಲ್ಲರಿಗೂ ಸಿಲಿಯಾಕ್ ಇರುವುದಿಲ್ಲ. ಕೆಲವರಿಗೆ ಗೋಧಿ ಅಲರ್ಜಿ. ಕೆಲವರಿಗೆ ಗೋಧಿ ತಿಂದರೆ ಹೊಟ್ಟೆ ಉಬ್ಬರ. ಇನ್ನು ಕೆಲವರದು ತಾವೇ ಹಾಕಿಕೊಂಡ ಪಥ್ಯ. ವಿಮಾನ ಕಂಪನಿಗೆ ಇವರೆಲ್ಲ ಒಂದೇ. ಎಲ್ಲರಿಗೂ ಅದೇ ಜಿಎಫ್‌ಎಂಎಲ್. ಹೊಟ್ಟೆ ಉಬ್ಬರದವರು ಬ್ರೆಡ್ ಪಕ್ಕಕ್ಕಿಟ್ಟು ಉಳಿದದ್ದು ತಿಂದರೆ ನಡೆಯುತ್ತದೆ. ಸಿಲಿಯಾಕ್ ಇರುವವರಿಗೆ ಅದೇ ಬ್ರೆಡ್ಡಿನ ಪುಡಿ ಅನ್ನದ ಮೇಲೆ ಬಿದ್ದರೂ ತೊಂದರೆ. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು ಎನ್ನುವುದು ಅಮೆರಿಕ, ಯುರೋಪ್, ಭಾರತ ಎಲ್ಲ ಕಡೆ ‘ಗ್ಲುಟೆನ್ ಫ್ರೀ’ ಎಂಬ ಲೇಬಲ್ಲಿಗಿರುವ ಅಳತೆ. ವಿಮಾನದಲ್ಲಿ ತಟ್ಟೆಗೆ ಬಡಿಸಿದ ಮೇಲೆ ಅದನ್ನು ಯಾರೂ ಅಳೆಯುವುದಿಲ್ಲ. ಸಿಂಗಪುರ ಏರ್‌ಲೈನ್ಸ್, ಕ್ಯಾಥೆ ಪೆಸಿಫಿಕ್‌ನಂಥವರು ಈ ಊಟವನ್ನು ‘ಗ್ಲುಟೆನ್ ಇನ್‌ಟಾಲರೆಂಟ್ ಮೀಲ್’ ಎಂದು ಕರೆಯುತ್ತಾರೆ. ‘ಫ್ರೀ’ ಎಂದು ಬಾಯಿ ಬಿಟ್ಟು ಹೇಳಿದರೆ ಆ ಮಾತಿಗೆ ಹೊಣೆ ಹೊರಬೇಕಲ್ಲ!

ಈ ಊಟ ತಯಾರಾಗುವುದು ನೆಲದ ಮೇಲೆ, ವಿಮಾನ ನಿಲ್ದಾಣದ ಹತ್ತಿರದ ದೊಡ್ಡ ಅಡುಗೆಮನೆಗಳಲ್ಲಿ. ಬೆಂಗಳೂರಿನಲ್ಲಿ ತಾಜ್‌ಸ್ಯಾಟ್ಸ್‌ನಂಥ ಕೇಟರಿಂಗ್ ಕಂಪನಿಗಳಿವೆ. ಅಡುಗೆ ಆದ ತಕ್ಷಣ ಅದನ್ನು ಬೇಗ ತಣ್ಣಗಾಗಿಸುತ್ತಾರೆ. ಮುಚ್ಚಳ ಹಾಕಿ, ಚೀಟಿ ಅಂಟಿಸಿ, ವಿಮಾನಕ್ಕೆ ಏರಿಸುತ್ತಾರೆ. ಮೇಲೆ ನಡೆಯುವುದು ಬಿಸಿ ಮಾಡುವ ಕೆಲಸ ಮಾತ್ರ. ಸಾಮಾನ್ಯವಾಗಿ ಹೊರಡುವ ಊರಿನ ಅಡುಗೆಮನೆಯೇ ಆ ವಿಮಾನದ ಊಟ ಮಾಡುತ್ತದೆ. ಅದಕ್ಕೇ ಒಂದೇ ಕಂಪನಿಯಲ್ಲಿ ಹೋಗುವಾಗ ಸಿಕ್ಕ ಊಟಕ್ಕೂ ಬರುವಾಗ ಸಿಕ್ಕ ಊಟಕ್ಕೂ ಅಜಗಜಾಂತರ ಇರಬಹುದು.

ಇಲ್ಲಿಂದ ಮುಂದೆ ಎಕಾನಮಿಗೂ ಬಿಸಿನೆಸ್ ಕ್ಲಾಸಿಗೂ ದಾರಿ ಬೇರೆಯಾಗುತ್ತದೆ. ಎಕಾನಮಿಯ ಜಿಎಫ್‌ಎಂಎಲ್ ಕಟ್ಟಿ ಕಳಿಸಿದ ಬುತ್ತಿ. ಬಿಸಿನೆಸ್ ಕ್ಲಾಸಿನದು ಮದುವೆ ಮನೆಯ ಪಂಕ್ತಿ. ಬುತ್ತಿಯಲ್ಲಿ ಇರುವುದು ಬೇಯಿಸಿದ ಕೋಳಿ, ಅನ್ನ, ಒಂದಿಷ್ಟು ತರಕಾರಿ, ಅಕ್ಕಿ ಬಿಸ್ಕತ್ತು, ಹಣ್ಣು. ನಾಲಿಗೆಗೆ ಸಪ್ಪೆ. ಆದರೆ ಮುಚ್ಚಳ ತೆಗೆಯುವವರು ನೀವೇ. ಪಂಕ್ತಿಯಲ್ಲಿ ಹಾಗಲ್ಲ. ಮುಚ್ಚಳವನ್ನು ಗ್ಯಾಲಿಯಲ್ಲೇ, ಅಂದರೆ ವಿಮಾನದ ಪುಟ್ಟ ಅಡುಗೆಮನೆಯಲ್ಲೇ, ತೆಗೆಯುತ್ತಾರೆ. ಪಿಂಗಾಣಿ ತಟ್ಟೆಗೆ ಬಡಿಸುತ್ತಾರೆ, ಮೇಲೆ ಸಾಸ್ ಸುರಿಯುತ್ತಾರೆ. ಬ್ರೆಡ್ ಬುಟ್ಟಿ ಹಿಡಿದು ಬಂದ ಕೈಯೇ ನಿಮ್ಮ ತಟ್ಟೆಯನ್ನೂ ಇಡುತ್ತದೆ. ಅಂದರೆ ಟಿಕೆಟಿನ ಬೆಲೆ ಜಾಸ್ತಿಯಾದಷ್ಟೂ ಗೋಧಿ ಒಳಗೆ ಬರುವ ದಾರಿಗಳೂ ಜಾಸ್ತಿ. ದುಡ್ಡು ಕೊಟ್ಟು ಮುಂದೆ ಕೂತಿದ್ದೇವೆ, ಊಟವೂ ಕ್ಷೇಮ ಎಂದುಕೊಳ್ಳುವುದು ಸಹಜ. ನನಗೆ ಕೇಳಿದರೆ, ಅಲ್ಲೇ ಹೆಚ್ಚು ಎಚ್ಚರ ಬೇಕು.

ಮೊದಲು ಬರುವುದು ಬಿಸಿ ಗೋಡಂಬಿ, ಬಾದಾಮಿ. ಬಟ್ಟಲಿನಲ್ಲಿ ಮಸಾಲೆ ಹಚ್ಚಿದ ಕಾಳು, ಕುರುಕಲು ಬೆರೆತಿದ್ದರೆ ಬೇಡ. ಜೊತೆಗೆ ಶಾಂಪೇನ್, ವೈನ್ ತೊಂದರೆ ಇಲ್ಲ. ಬಿಯರ್ ಬಾರ್ಲಿಯದು, ಬೇಡ. ವಿಸ್ಕಿಯೂ ಬಾರ್ಲಿಯದೇ, ಆದರೆ ಭಟ್ಟಿ ಇಳಿಸುವಾಗ ಪ್ರೊಟೀನ್ ಹಿಂದೆಯೇ ಉಳಿದುಬಿಡುತ್ತದೆ. ಹಾಗಾಗಿ ಅದಕ್ಕೆ ಅಡ್ಡಿ ಇಲ್ಲ. ರಾತ್ರಿ ಮಲಗುವ ಮೊದಲು ಹಾರ್ಲಿಕ್ಸ್ ಥರದ ಮಾಲ್ಟ್ ಹಾಲು ಕೊಡಲು ಬಂದರೆ ಬೇಡ ಎನ್ನಿ. ಮಾಲ್ಟ್ ಅಂದರೆ ಮೊಳಕೆ ಬರಿಸಿದ ಬಾರ್ಲಿ. ಫಸ್ಟ್ ಕ್ಲಾಸಿನಲ್ಲಿ ಕ್ಯಾವಿಯರ್ ಬಂದರೆ ಆ ಮೀನಿನ ಮೊಟ್ಟೆಯಲ್ಲಿ ಗ್ಲುಟೆನ್ ಇಲ್ಲ. ಅದರ ಜೊತೆ ಬರುವ ಪುಟ್ಟ ದೋಸೆಯಂಥ ಬ್ಲಿನಿಯಲ್ಲಿ ಸಾಮಾನ್ಯವಾಗಿ ಮೈದಾ ಇರುತ್ತದೆ.

ನಮ್ಮವರು ಜಾಸ್ತಿ ಹೋಗುವುದು ದುಬೈ, ದೋಹಾ, ಅಬುಧಾಬಿ ಮೇಲೆ. ಅಲ್ಲಿನ ವಿಮಾನಗಳ ಬಿಸಿನೆಸ್ ಕ್ಲಾಸಿನಲ್ಲಿ ಅರಬ್ಬರ ಮೆಜ್ಜೆ, ಅಂದರೆ ಚಿಕ್ಕ ಚಿಕ್ಕ ಬಟ್ಟಲಿನ ತಿನಿಸುಗಳನ್ನು ಕೊಡುತ್ತಾರೆ. ಕಡಲೆ ಅರೆದು ಮಾಡುವ ಹಮ್ಮುಸ್, ಸುಟ್ಟ ಬದನೆಕಾಯಿಯ ಮುತಬ್ಬಲ್ ಇವೆರಡೂ ಸಾಮಾನ್ಯವಾಗಿ ಸರಿ. ತಬ್ಬೂಲೆ ನೋಡಿದರೆ ಹೆಚ್ಚಿದ ಸೊಪ್ಪಿನ ಕೋಸಂಬರಿ ಅನ್ನಿಸುತ್ತದೆ. ಅದರಲ್ಲಿ ಬುಲ್ಗರ್ ಎನ್ನುವ ಒಡೆದ ಗೋಧಿ ಇರುತ್ತದೆ. ಮಾಂಸದ ಉಂಡೆ ಕಿಬ್ಬೆಯಲ್ಲೂ ಅದೇ. ಫ್ರೀಕೆ ಎಂದು ಮೆನುವಿನಲ್ಲಿ ಕಂಡರೆ ಅದು ಹಸಿರಿರುವಾಗಲೇ ಕೊಯ್ದು ಸುಟ್ಟ ಗೋಧಿ. ಜಪಾನಿನ ವಿಮಾನವಾದರೆ ಸೋಯಾ ಸಾಸ್ ನೋಡಿಕೊಳ್ಳಿ. ಸಾಮಾನ್ಯ ಸೋಯಾ ಸಾಸ್ ಮಾಡುವುದೇ ಸೋಯಾ ಜೊತೆ ಗೋಧಿ ಹುದುಗಿಸಿ. ಮೀನು, ಅನ್ನ ಎಷ್ಟೇ ಶುದ್ಧವಾಗಿದ್ದರೂ ಆ ಕಪ್ಪು ಸಾಸ್ ಬಿದ್ದರೆ ಕೆಟ್ಟಿತು. ಯುರೋಪಿನ ಊಟದಲ್ಲಿ ಮೋಸ ಇರುವುದು ಗ್ರೇವಿಯಲ್ಲಿ. ದಪ್ಪ ಬರಲಿ ಎಂದು ಮೈದಾ ಕಲಸಿರುತ್ತಾರೆ.

ಯುರೋಪಿನಲ್ಲಿ ಒಂದು ಅನುಕೂಲವೂ ಇದೆ. 2014ರ ಡಿಸೆಂಬರ್‌ನಿಂದ ಅಲ್ಲಿ ಜಾರಿಯಲ್ಲಿರುವ ನಿಯಮದ ಪ್ರಕಾರ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಗ್ರಾಹಕರಿಗೆ ಕೊಡಲೇಬೇಕು. ಗ್ಲುಟೆನ್ ಇರುವ ಧಾನ್ಯಗಳದ್ದೇ ಆ ಪಟ್ಟಿಯಲ್ಲಿ ಮೊದಲ ಹೆಸರು. ಯುರೋಪ್ ಒಕ್ಕೂಟದ ಊರುಗಳಿಂದ ಹೊರಡುವ ವಿಮಾನದ ಊಟಕ್ಕೂ ಇದು ಅನ್ವಯ. ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ನಿಂದ ಬೆಂಗಳೂರಿಗೆ ಬರುವಾಗ ‘ಅಲರ್ಜಿ ಪಟ್ಟಿ ತೋರಿಸಿ’ ಎಂದು ಸಂಕೋಚವಿಲ್ಲದೆ ಕೇಳಿ.

ನಮ್ಮಲ್ಲಿ ಅನೇಕರಿಗೆ ನಿಜವಾದ ತಲೆನೋವು ಬೇರೆಯೇ. ಜಿಎಫ್‌ಎಂಎಲ್ ಎಂದರೆ ಸಸ್ಯಾಹಾರ ಅಲ್ಲ. ಅದರಲ್ಲಿ ಕೋಳಿ, ಮೀನು ಬರುವುದೇ ಹೆಚ್ಚು. ಹಾಗಂತ ಎವಿಎಂಎಲ್ ಕೇಳಿದರೆ ಗೋಧಿ ಬರುತ್ತದೆ: ಪರೋಟ, ಉಪ್ಪಿಟ್ಟು, ಶ್ಯಾವಿಗೆ ಪಾಯಸ. ಎರಡನ್ನೂ ಒಟ್ಟಿಗೆ ಕೇಳೋಣ ಎಂದರೆ ಹೆಚ್ಚಿನ ಕಂಪನಿಗಳಲ್ಲಿ ಒಬ್ಬ ಪ್ರಯಾಣಿಕರಿಗೆ ಒಂದು ವಿಮಾನದಲ್ಲಿ ಒಂದೇ ಸಂಕೇತ. ಮಾಂಸವೂ ಬೇಡ, ಗೋಧಿಯೂ ಬೇಡ ಎನ್ನುವವರು ಈ ಪಟ್ಟಿ ಮಾಡಿದವರ ಕಣ್ಣಿಗೆ ಬಿದ್ದೇ ಇಲ್ಲವೇನೋ ಅನ್ನಿಸುತ್ತದೆ. ಇದು ಸಣ್ಣ ವಿಷಯವಲ್ಲ. ಸಿಲಿಯಾಕ್ ಕಾಯಿಲೆ ಉತ್ತರ ಭಾರತಕ್ಕಿಂತ ನಮ್ಮ ಕಡೆ ಕಡಿಮೆ, ನಿಜ. ಆದರೆ ಇದ್ದವರಲ್ಲಿ ಸಸ್ಯಾಹಾರಿಗಳೂ ಇದ್ದೇ ಇರುತ್ತಾರೆ, ಅಲ್ವಾ?

ಅಂಥವರಿಗೆ ಇರುವ ದಾರಿಗಳು ಕೆಲವೇ. ಕಂಪನಿಗೆ ಫೋನ್ ಮಾಡಿ ಜಿಎಫ್‌ಎಂಎಲ್ ಜೊತೆ ‘ಸಸ್ಯಾಹಾರ’ ಎಂದು ಟಿಪ್ಪಣಿ ಹಾಕಿಸಬಹುದು. ಅಡುಗೆಮನೆಯವರು ಆ ಟಿಪ್ಪಣಿ ಓದಿದರೆ ಪುಣ್ಯ. ಎಫ್‌ಪಿಎಂಎಲ್ ಎಂದರೆ ಬರೀ ಹಣ್ಣಿನ ತಟ್ಟೆ. ಅದು ಎರಡೂ ಲೆಕ್ಕಕ್ಕೆ ಹೊಂದುತ್ತದೆ. ಆದರೆ ಲಂಡನ್ ತನಕ ಕರಬೂಜ, ಪರಂಗಿ ಹಣ್ಣು ತಿಂದುಕೊಂಡು ಹೋಗುವುದು ಉಪವಾಸದ ಇನ್ನೊಂದು ರೂಪ. ಮೂರನೆಯದು ಎವಿಎಂಎಲ್ ತೆಗೆದುಕೊಂಡು ಅನ್ನ, ಪಲ್ಯ, ಮೊಸರು ತಿಂದು ಉಳಿದದ್ದು ಬಿಡುವುದು. ಪಥ್ಯದವರಿಗೆ ಇದು ಸಾಕು. ಸಿಲಿಯಾಕ್ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ. ಕಾರಣ ಇಂಗು. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿಯಲ್ಲಿ ಬರೀ ಇಂಗು ಇರುವುದಿಲ್ಲ. ಅದರಲ್ಲಿ ಗೋಂದು, ಜೊತೆಗೆ ಮೈದಾ ಅಥವಾ ಅಕ್ಕಿ ಹಿಟ್ಟು ಸೇರಿಸಿರುತ್ತಾರೆ. ಮನೆಯಲ್ಲಾದರೆ ಡಬ್ಬಿಯ ಹಿಂದೆ ಓದಿ ತರುತ್ತೇವೆ. ವಿಮಾನದ ಸಾರಿಗೆ ಯಾವ ಇಂಗು ಬಿದ್ದಿದೆ ಎಂದು ಆ ಗಗನಸಖಿಗಾದರೂ ಹೇಗೆ ಗೊತ್ತಾಗಬೇಕು?

ಬಿಸಿನೆಸ್ ಕ್ಲಾಸಿನವರಿಗೆ ಇನ್ನೊಂದು ಆಸೆ ಕಣ್ಣಿಗೆ ಕಾಣುತ್ತದೆ. ಮುಂಚೆಯೇ ಮೆನು ನೋಡಿ ಬೇಕಾದ್ದು ಕಾಯ್ದಿರಿಸುವ ಸೌಲಭ್ಯ. ಸಿಂಗಪುರ ಏರ್‌ಲೈನ್ಸ್‌ನ ‘ಬುಕ್ ದ ಕುಕ್’ ಇಂಥದ್ದು. ಮೆನುವಿನಲ್ಲಿ ಮೀನು, ಆಲೂಗಡ್ಡೆ, ಸೊಪ್ಪು ಎಂದು ಕಂಡ ಮಾತ್ರಕ್ಕೆ ಅದನ್ನು ಗ್ಲುಟೆನ್ ಇಲ್ಲದ್ದು ಅಂದುಕೊಳ್ಳಬೇಡಿ. ಅದು ರುಚಿಗಾಗಿ ಇರುವ ಪಟ್ಟಿ, ಪಥ್ಯಕ್ಕಾಗಿ ಅಲ್ಲ. ಸಿಲಿಯಾಕ್ ಇದ್ದರೆ ಜಿಎಫ್‌ಎಂಎಲ್ಲನ್ನೇ ಹಿಡಿದುಕೊಳ್ಳಿ. ರುಚಿ ಕಡಿಮೆಯಾಗಲಿ.

ಸಂಕೇತ ಕಳೆದುಹೋಗುವ ಸಂದರ್ಭಗಳೂ ಇವೆ. ಟಿಕೆಟ್ ಒಂದು ಕಂಪನಿಯದು, ವಿಮಾನ ಇನ್ನೊಂದರದು ಆದಾಗ ಹೀಗಾಗಬಹುದು. ಹಾರಿಸುವ ಕಂಪನಿಯ ಪಿಎನ್‌ಆರ್ ಕೇಳಿ ಪಡೆದು, ಅವರ ಆ್ಯಪ್‌ನಲ್ಲಿ ಊಟ ಕಾಣುತ್ತದೆಯೇ ನೋಡಿ. ವಿಮಾನ ತಪ್ಪಿ ಬೇರೆಯದರಲ್ಲಿ ಕೂರಿಸಿದರೆ ಊಟ ಹಳೆಯ ವಿಮಾನದಲ್ಲೇ ಹಾರಿಹೋಗಿರುತ್ತದೆ. ಇನ್ನೊಂದು ತಮಾಷೆ ಅಪ್‌ಗ್ರೇಡ್. ಗೇಟಿನಲ್ಲಿ ಕರೆದು ಬಿಸಿನೆಸ್ ಕ್ಲಾಸ್ ಕೊಟ್ಟರು ಅನ್ನಿ. ನಿಮ್ಮ ಜಿಎಫ್‌ಎಂಎಲ್ ಹಿಂದಿನ ಗ್ಯಾಲಿಯಲ್ಲಿ ಎಕಾನಮಿ ಊಟವಾಗಿ ಕೂತಿರುತ್ತದೆ. ಕೂತ ತಕ್ಷಣ ಸಿಬ್ಬಂದಿಗೆ ಹೇಳಿ ಅದನ್ನೇ ಮುಂದೆ ತರಿಸಿಕೊಳ್ಳಿ. ನಾಚಿಕೆ ಬೇಡ. ಮುಚ್ಚಳ ಹಾಕಿದ ಬುತ್ತಿ ಅದು, ಸಿಲಿಯಾಕ್ ಇರುವವರಿಗೆ ಒಂದು ಕೈ ಮೇಲೆಯೇ.

ಮುಂದಿನ ಕ್ಯಾಬಿನ್ನಿನ ನಿಜವಾದ ಲಾಭ ಸಿಬ್ಬಂದಿಯ ಬಿಡುವು. ಎಕಾನಮಿಯಲ್ಲಿ ಟ್ರಾಲಿ ತಳ್ಳುವವರಿಗೆ ನಿಂತು ಮಾತಾಡಲು ಪುರಸೊತ್ತಿಲ್ಲ. ಇಲ್ಲಿ ಊಟಕ್ಕೆ ಮೊದಲು ಹೆಸರು ಹಿಡಿದು ಮಾತಾಡಿಸುತ್ತಾರೆ. ಆಗಲೇ ಹೇಳಿ: ‘ನನಗಿರುವುದು ಕಾಯಿಲೆ, ಪಥ್ಯವಲ್ಲ. ಊಟದ ಮುಚ್ಚಳ ತೆಗೆಯದೆ ತನ್ನಿ. ಗ್ಲುಟೆನ್ ಇಲ್ಲದ ಬ್ರೆಡ್ ಇದ್ದರೆ ಪ್ಯಾಕೆಟ್ ಒಡೆಯದೆ ಕೊಡಿ. ಸಾಸ್ ಬೇಡ.’ ಇಷ್ಟು ಹೇಳಿದರೆ ಹೆಚ್ಚಿನವರು ಮನಸ್ಸಿಟ್ಟು ನಡೆಸಿಕೊಡುತ್ತಾರೆ. ಲೌಂಜ್ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಬಫೆಯಲ್ಲಿ ಒಂದೇ ಸೌಟು ಎಲ್ಲ ಪಾತ್ರೆಗೂ ಓಡಾಡುತ್ತದೆ. ಸಿಪ್ಪೆ ಇರುವ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ತೆಗೆದುಕೊಂಡು ಬನ್ನಿ.

ಏನೇ ಆದರೂ ಕೈಚೀಲದಲ್ಲಿ ಒಂದು ಹೊತ್ತಿನ ಊಟ ಇರಲಿ. ಉದ್ದದ ಪಯಣದಲ್ಲಿ ಮೊದಲ ಊಟ ಸರಿಯಾಗಿ ಬಂದು, ಇಳಿಯುವ ಮೊದಲಿನ ತಿಂಡಿಗೆ ಬರೀ ಹಣ್ಣು ಸಿಗುವುದುಂಟು. ಈ ವಿಷಯದಲ್ಲಿ ನಮ್ಮಷ್ಟು ಅದೃಷ್ಟವಂತರು ಯಾರಿದ್ದಾರೆ? ಅಕ್ಕಿ ರೊಟ್ಟಿ, ಖಡಕ್ ಜೋಳದ ರೊಟ್ಟಿ, ರಾಗಿ ಹುರಿಹಿಟ್ಟು, ಒಗ್ಗರಣೆ ಅವಲಕ್ಕಿ, ಶೇಂಗಾ ಚಟ್ನಿಪುಡಿ, ಮೈದಾ ಬೆರೆತ ಇಂಗು ಬೀಳದಿದ್ದರೆ ಇವು ಯಾವುದರಲ್ಲೂ ಗ್ಲುಟೆನ್ ಇಲ್ಲ. ಜೋಳ, ರಾಗಿಯ ಹಿಟ್ಟನ್ನು ಮಾತ್ರ ಗೋಧಿ ಬೀಸುವ ಗಿರಣಿಯಲ್ಲಿ ಮಾಡಿಸಿರಬಾರದು. ಮೊಸರು, ತೆಂಗಿನಕಾಯಿ ಚಟ್ನಿ, ಉಪ್ಪಿನಕಾಯಿ ರಸವನ್ನು ಸೆಕ್ಯುರಿಟಿಯವರು ದ್ರವ ಎಂದು ಎಣಿಸುತ್ತಾರೆ. 100 ಮಿಲಿಲೀಟರ್ ದಾಟಿದರೆ ಡಬ್ಬಿ ಅಲ್ಲೇ ಬಿಡಬೇಕಾದೀತು. ಮನೆಯ ಡಬ್ಬಿಯನ್ನು ಬಿಸಿ ಮಾಡಿಕೊಡಿ ಎಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ತಣ್ಣಗೆ ತಿನ್ನುವಂಥದ್ದನ್ನೇ ಕಟ್ಟಿಕೊಳ್ಳಿ. ಸಿಡ್ನಿಗೋ ಸ್ಯಾನ್ ಫ್ರಾನ್ಸಿಸ್ಕೋಗೋ ಹೋಗುವವರು ಉಳಿದ ಹಣ್ಣನ್ನು ವಿಮಾನದಲ್ಲೇ ಬಿಟ್ಟು ಇಳಿಯಿರಿ. ಬೇರೆ ತಿನಿಸು ಉಳಿದಿದ್ದರೆ ಕಸ್ಟಮ್ಸ್‌ನವರಿಗೆ ತಪ್ಪದೆ ತಿಳಿಸಿ.